ಕಣ್ಣೀರನ್ನು ತೂಗುವ ತಕ್ಕಡಿ

ಪೆರಿಯಾರ್ ನದಿಯ ನೀರು 1895ರಲ್ಲಿ ಮಲೆಯನ್ನು ಕೊರೆದ ಸುರಂಗದ ಮೂಲಕ ಪೂರ್ವಕ್ಕೆ ತಿರುಗಿತು. ಅಂದಿನಿಂದ ಕಂಬಂ ಕಣಿವೆಯು ಎರಡು ಬೆಳೆಯ ನಾಡಾಯಿತು. ಭತ್ತದ ಗದ್ದೆ, ಪನ್ನೀರು ದ್ರಾಕ್ಷಿಯ ಚಪ್ಪರ, ಬಾಳೆ, ತೆಂಗು, ಕಬ್ಬು ಇವುಗಳ ನಡುವೆ ತಲೆಮಾರುಗಳಿಂದ ಬಾಳಿಬಂದ ಕನ್ನಡ ಮನೆತನಗಳು ಇಲ್ಲಿವೆ. ಒಕ್ಕಲಿಗರಿದ್ದಾರೆ, ಕಪ್ಪಿಲಿಯರಿದ್ದಾರೆ, ಮಗ್ಗವನ್ನು ನಂಬಿ ಬಂದ ದೇವಾಂಗರಿದ್ದಾರೆ. ಬೀದಿಯಲ್ಲಿ ತಮಿಳು, ಅಡಿಗೆಮನೆಯಲ್ಲಿ ಕನ್ನಡ ಎಂಬುದು ತೇನಿಯಿಂದ ದಿಂಡಿಗಲ್ಲಿನವರೆಗೆ ನಮ್ಮವರ ಬಾಳಿನ ರೀತಿ.

ಈ ಮಣ್ಣು ನಮಗೆ ಅನ್ನ ಕೊಟ್ಟಿದೆ. ಅದೇ ಮಣ್ಣಿನ ಧೂಳಿನಲ್ಲಿ ನಮ್ಮ ಕಣ್ಣಿಗೆ ಹಗೆಯಾದ ಜೀವಿಯೊಂದೂ ಇದೆ. ಆ ಹಗೆಯನ್ನು ಅರಿಯಲು ಪ್ರಯೋಗಶಾಲೆಗಳಲ್ಲಿ ಬಳಸುವ ವಸ್ತುವೊಂದರ ಕಥೆಯನ್ನು ಓದುಗ ಬಂಧುಗಳ ಮುಂದಿಡಲು ಬಯಸುತ್ತೇವೆ. ಆ ವಸ್ತುವು ಮನುಷ್ಯದೇಹದ್ದೇ ಒಂದು ಪ್ರೋಟೀನು. ಆದರೆ ಅದನ್ನು ತಯಾರಿಸಿದ್ದು ಮನುಷ್ಯದೇಹವಲ್ಲ. ಅದು ಔಷಧಿಯಂತೆ ಸೀಸೆಯಲ್ಲಿ ಬರುತ್ತದೆ, ಆದರೆ ಔಷಧಿಯಲ್ಲ. ಅದರ ಬೆಲೆ ದೊಡ್ಡದು, ಪ್ರಮಾಣ ಮಾತ್ರ ಕಣ್ಣಿಗೆ ಕಾಣದಷ್ಟು ಚಿಕ್ಕದು. ಇಂತಹ ವಸ್ತುವಿಗೂ ನಮ್ಮ ಹೊಲಗದ್ದೆಗಳಿಗೂ ಎತ್ತಣ ಸಂಬಂಧವೆಂದು ಓದುಗರು ಕೇಳಬಹುದು. ಆ ಸಂಬಂಧವನ್ನು ಬಿಡಿಸಿ ಹೇಳುವುದೇ ಈ ಲೇಖನದ ಉದ್ದೇಶ.

ಕಣ್ಣಿಗೆ ಬೀಳುವ ಹೂವು

ಸುಗ್ಗಿಯ ಕಾಲದಲ್ಲಿ ಭತ್ತದ ಗರಿಯ ಅಂಚು ಕಣ್ಣಿಗೆ ತಾಗುವುದು ಸಾಮಾನ್ಯ. ಒಕ್ಕಣೆಯಲ್ಲಿ ಹೊಟ್ಟು ಸಿಡಿಯುತ್ತದೆ. ಕಬ್ಬಿನ ಸೋಗೆ ಗೀರುತ್ತದೆ. ದ್ರಾಕ್ಷಿಯ ಬಳ್ಳಿ ಸವರುವಾಗ ಕಡ್ಡಿ ಹಾರುತ್ತದೆ. ಹಾಲು ಕರೆಯುವ ತಾಯಿಯ ಮುಖಕ್ಕೆ ಹಸುವಿನ ಬಾಲ ಬಡಿಯುತ್ತದೆ. ದಿಂಡಿಗಲ್ಲಿನಲ್ಲಿ ಬೀಗಕ್ಕೆ ಅರ ಹಾಕುವವರ ಕಣ್ಣಿಗೆ ಕಬ್ಬಿಣದ ಪುಡಿ ಬೀಳುತ್ತದೆ. ಕಣ್ಣುಜ್ಜಿಕೊಂಡು ಸೆರಗಿನ ತುದಿಯಿಂದ ಒರೆಸಿ ಕೆಲಸ ಮುಂದುವರಿಸುವುದು ದುಡಿಯುವವರ ಅಭ್ಯಾಸ. ನೂರಕ್ಕೆ ಎಷ್ಟೋ ಸಲ ಅದು ತಾನಾಗಿಯೇ ವಾಸಿಯಾಗುತ್ತದೆ. ಆಗದಿದ್ದಾಗ ಎರಡು ಮೂರು ದಿನಗಳಲ್ಲಿ ಕಣ್ಣು ಕೆಂಪಾಗಿ, ನೀರು ಸುರಿದು, ಬೆಳಕನ್ನು ಕಂಡರೆ ಚುಚ್ಚಿದಂತಾಗುತ್ತದೆ. ಕಪ್ಪುಗುಡ್ಡೆಯ ಮೇಲೆ ಬಿಳಿಯ ಚುಕ್ಕೆಯೊಂದು ಮೂಡುತ್ತದೆ. ಕೊನೆಗೆ ನೋವು ಹೋಗಬಹುದು, ಚುಕ್ಕೆ ಉಳಿಯುತ್ತದೆ. ಅದನ್ನೇ ನಮ್ಮ ಹಿರಿಯರು ‘ಕಣ್ಣಿಗೆ ಹೂ ಬಿತ್ತು’ ಎನ್ನುತ್ತಿದ್ದರು. ಹೆಸರೇನೋ ಹೂವು, ಅದು ಬಿದ್ದ ಕಣ್ಣಿಗೆ ಮಾತ್ರ ಕತ್ತಲೆ.

ಶಾಲೆಯಲ್ಲಿ ಹೊಸ ವರ್ಷದ ದಾಖಲಾತಿಗೆ ಮಕ್ಕಳ ಕೈಹಿಡಿದು ಬರುವ ತಂದೆತಾಯಿಯರಲ್ಲಿ, ಅಜ್ಜ ಅಜ್ಜಿಯರಲ್ಲಿ ಇಂತಹ ಹೂಗಣ್ಣಿನವರನ್ನು ನಾವು ವರ್ಷವರ್ಷವೂ ಕಂಡಿದ್ದೇವೆ. ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ: ‘ಗರಿ ತಾಗಿತ್ತು ಸಾರ್, ತಾನೇ ಸರಿಹೋಗ್ತದೆ ಅಂದ್ಕೊಂಡ್ವಿ.’

ಇದು ನಮ್ಮೂರಿನ ಕಥೆ ಮಾತ್ರವಲ್ಲ. ಮಧುರೈ ಜಿಲ್ಲೆಯಲ್ಲಿ 1993ರಲ್ಲಿ 10,000 ಜನರಲ್ಲಿ ಸುಮಾರು 11 ಮಂದಿಗೆ ಕಾರ್ನಿಯಾದ ಹುಣ್ಣಾಗಿತ್ತೆಂದು ವೈದ್ಯರು ಲೆಕ್ಕ ಹಾಕಿದರು. ಆಗ ತೇನಿಯೂ ಆ ಜಿಲ್ಲೆಯೊಳಗೇ ಇತ್ತು; ಪ್ರತ್ಯೇಕ ಜಿಲ್ಲೆಯಾದದ್ದು 1996ರಲ್ಲಿ. ಅಮೆರಿಕದ ಮಿನೆಸೋಟಾ ರಾಜ್ಯದ ಒಂದು ಪ್ರದೇಶದ ಲೆಕ್ಕಕ್ಕೆ ಹೋಲಿಸಿದರೆ ಇದು ಹತ್ತು ಪಟ್ಟು. 1994ರ ಮೊದಲ ಮೂರು ತಿಂಗಳಲ್ಲಿ ಮಧುರೈನ ಅರವಿಂದ ಕಣ್ಣಾಸ್ಪತ್ರೆಗೆ ಬಂದ ಇಂತಹ 434 ರೋಗಿಗಳನ್ನು ಪರೀಕ್ಷಿಸಿದಾಗ ಮೂವರಲ್ಲಿ ಇಬ್ಬರಿಗೆ ಮೊದಲು ಕಣ್ಣಿಗೆ ಗಾಯವಾಗಿತ್ತೆಂದು ತಿಳಿಯಿತು. ರೋಗಾಣು ಪತ್ತೆಯಾದವರಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಕಂಡದ್ದು ಬ್ಯಾಕ್ಟೀರಿಯಾ ಅಲ್ಲ, ಬೂಷ್ಟು. ಹಳಸಿದ ರೊಟ್ಟಿಯ ಮೇಲೆ, ಒದ್ದೆ ಹುಲ್ಲಿನ ಮೇಲೆ ಬೆಳೆಯುವ ಬೂಷ್ಟಿನ ಬಂಧುಗಳೇ ಇವು. ಇವುಗಳಲ್ಲಿ ಫ್ಯುಸೇರಿಯಂ, ಆಸ್ಪರ್ಜಿಲ್ಲಸ್ ಎಂಬ ಎರಡು ಕುಲಗಳು ಮುಖ್ಯ. ಫ್ಯುಸೇರಿಯಂ ಬಾಳೆಗೂ ಸೊರಗು ರೋಗ ತರುವ ಕುಲವೆಂಬುದನ್ನು ತೋಟಗಾರರು ಬಲ್ಲರು.

ಕಾವಲಿನ ನೀರು

ಕಾರ್ನಿಯಾ ಎಂದರೆ ಕಪ್ಪುಗುಡ್ಡೆಯ ಮೇಲಿರುವ ಗಾಜಿನಂತಹ ಪಟಲ. ಅದರ ನಡುಭಾಗದ ದಪ್ಪ ಸುಮಾರು ಅರ್ಧ ಮಿಲಿಮೀಟರು. ಅದು ಗಾಜಿನಂತೆ ಇರಬೇಕಾದುದರಿಂದಲೇ ಅದರೊಳಗೆ ರಕ್ತನಾಳಗಳಿಲ್ಲ. ರಕ್ತವಿಲ್ಲದ ಕಡೆ ರಕ್ತದ ಕಾವಲುಗಾರರಾದ ಬಿಳಿರಕ್ತಕಣಗಳು ಕೂಡಲೇ ಬಂದು ಸೇರಲಾರವು. ಹಾಗಾದರೆ ಅಲ್ಲಿ ಕಾವಲು ಯಾರದು? ಮೊದಲ ಕಾವಲು ಕಣ್ಣೀರಿನದು.

ಕಣ್ಣೀರು ಬರಿಯ ಉಪ್ಪುನೀರಲ್ಲ. 1922ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಎಂಬ ಬ್ರಿಟಿಷ್ ವಿಜ್ಞಾನಿ, ಪೆನಿಸಿಲಿನ್ ಕಂಡುಹಿಡಿಯುವುದಕ್ಕೆ ಆರು ವರ್ಷಗಳ ಮೊದಲೇ, ಲೈಸೊಜೈಮ್ ಎಂಬ ಪ್ರೋಟೀನನ್ನು ಪ್ರಕಟಪಡಿಸಿದರು. ಬ್ಯಾಕ್ಟೀರಿಯಾಗಳ ಹೊರಗೋಡೆಯನ್ನು ಕರಗಿಸುವ ಈ ಪ್ರೋಟೀನು ಕಣ್ಣೀರಿನಲ್ಲಿ ಯಥೇಚ್ಛವಾಗಿದೆ. ಪರೀಕ್ಷೆಗೆ ಕಣ್ಣೀರು ಬೇಕಾದಾಗ ಫ್ಲೆಮಿಂಗರು ತಮ್ಮ ಕಣ್ಣಿಗೂ ಸಹೋದ್ಯೋಗಿಗಳ ಕಣ್ಣಿಗೂ ನಿಂಬೆಯ ರಸವನ್ನು ಚಿಮುಕಿಸುತ್ತಿದ್ದರಂತೆ. ಅಲ್ಪಸ್ವಲ್ಪ ರೋಗಾಣುಗಳನ್ನು ಕಣ್ಣೀರೇ ತೊಳೆದು ಕೊಲ್ಲುತ್ತದೆ. ಗರಿ ಗೀರಿದಾಗ ಮಾತ್ರ ಕಾರ್ನಿಯಾದ ಮೇಲ್ಪದರು ಹರಿದು ಬೂಷ್ಟಿನ ಬೀಜಕಣಗಳಿಗೆ ಬಾಗಿಲು ತೆರೆಯುತ್ತದೆ.

ಆಗ ದೇಹವು ಕೂಗು ಹಾಕುತ್ತದೆ. ಊರಿನಲ್ಲಿ ಬೆಂಕಿ ಬಿದ್ದರೆ ತಮಟೆ ಬಾರಿಸಿ ಜನರನ್ನು ಕೂಡಿಸುವಂತೆ, ಗಾಯಗೊಂಡ ಜೀವಕೋಶಗಳು ಮತ್ತು ಸುತ್ತಲಿನ ರಕ್ಷಣಾಕೋಶಗಳು ಕೆಲವು ಸಣ್ಣ ಪ್ರೋಟೀನುಗಳನ್ನು ಹೊರಬಿಡುತ್ತವೆ. ಇವುಗಳಿಗೆ ಸೈಟೊಕೈನ್‌ಗಳೆಂದು ಹೆಸರು. ಇಂಟರ್‌ಫೆರಾನ್, ಇಂಟರ್‌ಲ್ಯೂಕಿನ್ ಎಂಬ ಮಾತುಗಳನ್ನು ಓದುಗರು ಪತ್ರಿಕೆಗಳಲ್ಲಿ ಕಂಡಿರಬಹುದು. ಅವೆಲ್ಲ ಈ ಕುಟುಂಬದವು. ಇವುಗಳಲ್ಲಿ ಇಂಟರ್‌ಲ್ಯೂಕಿನ್-17ಎ ಎಂಬುದು ಬೂಷ್ಟಿನ ವಿರುದ್ಧ ಮೊಳಗುವ ತಮಟೆ. ಅದರ ವಂಶವಾಹಿಯನ್ನು ಮೊದಲು 1993ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಪ್ರಾಣಿಕೋಶದಿಂದ ಬೇರ್ಪಡಿಸಿದರು. 1995ರಲ್ಲಿ ಮನುಷ್ಯನದೂ ದೊರೆಯಿತು. ಈ ಕೂಗನ್ನು ಕೇಳಿ ನ್ಯೂಟ್ರೊಫಿಲ್ ಎಂಬ ಬಿಳಿರಕ್ತಕಣಗಳು ಕಣ್ಣಂಚಿನ ರಕ್ತನಾಳಗಳಿಂದ ಹೊರಟು ಕಾರ್ನಿಯಾದೊಳಗೆ ನುಗ್ಗುತ್ತವೆ.

ಇಲ್ಲಿಯೇ ಒಂದು ತೊಡಕಿದೆ. ನ್ಯೂಟ್ರೊಫಿಲ್‌ಗಳು ಬೂಷ್ಟಿನ ಎಳೆಗಳನ್ನು ಕೊಲ್ಲುತ್ತವೆ, ನಿಜ. ಆದರೆ ಅವು ಉಗುಳುವ ತೀಕ್ಷ್ಣ ರಸಗಳು ಬೂಷ್ಟನ್ನಷ್ಟೇ ಅಲ್ಲ, ಕಾರ್ನಿಯಾದ ನವುರಾದ ನಾರುಗಳನ್ನೂ ಕರಗಿಸುತ್ತವೆ. ಬೆಂಕಿ ಆರಿಸಲು ಬಂದ ಜನರೇ ಮನೆಯ ಗೋಡೆಯನ್ನು ಕೆಡವಿದಂತೆ! ಬೂಷ್ಟಿನಿಂದ ಎಷ್ಟು ಹಾನಿ, ನಮ್ಮದೇ ಕಾವಲುಗಾರರಿಂದ ಎಷ್ಟು ಹಾನಿ, ಯಾವ ದಿನ ಯಾವುದು ಹೆಚ್ಚು? ಇದನ್ನು ತಿಳಿದರೆ ತಾನೇ ವೈದ್ಯರು ಸರಿಯಾದ ಹೊತ್ತಿಗೆ ಸರಿಯಾದ ಮದ್ದು ಕೊಡಬಲ್ಲರು. ತಿಳಿಯಲು ಕಣ್ಣೀರಿನಲ್ಲಿರುವ ಈ ಪ್ರೋಟೀನುಗಳನ್ನು ಅಳೆಯಬೇಕು.

ತೂಕದ ಬಟ್ಟು ಇಲ್ಲದ ತಕ್ಕಡಿ

ಅಳೆಯುವುದು ಹೇಗೆ? ಒಂದು ಕಣ್ಣಿನ ಮೇಲೆ ಒಮ್ಮೆಗೆ ಇರುವ ಕಣ್ಣೀರು ಒಂದು ಹನಿಗಿಂತ ಕಡಿಮೆ. ಅದರಲ್ಲಿರುವ ಇಂಟರ್‌ಲ್ಯೂಕಿನ್‌ಗಳನ್ನು ಪಿಕೋಗ್ರಾಂಗಳಲ್ಲಿ ಲೆಕ್ಕ ಹಾಕುತ್ತಾರೆ. ಒಂದು ಗ್ರಾಮನ್ನು ಒಂದು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಪಿಕೋಗ್ರಾಂ. ಅಕ್ಕಸಾಲಿಗನ ಗುಲಗಂಜಿಯೂ ಇದರ ಮುಂದೆ ಬೆಟ್ಟವೇ ಸರಿ.

ಇದಕ್ಕೆ ಉಪಾಯವನ್ನು 1971ರಲ್ಲಿ ಸ್ವೀಡನ್ನಿನ ಎಂಗ್ವಾಲ್ ಮತ್ತು ಪರ್ಲ್‌ಮನ್ ಎಂಬ ವಿಜ್ಞಾನಿಗಳು ಪ್ರಕಟಿಸಿದರು. ಎಲೈಸಾ ಎಂದು ಅದರ ಹೆಸರು. ಅಂಗೈ ಅಗಲದ ಪ್ಲಾಸ್ಟಿಕ್ ತಟ್ಟೆಯಲ್ಲಿ 96 ಪುಟ್ಟ ಗುಳಿಗಳಿರುತ್ತವೆ. ನಮ್ಮ ಹೆಣ್ಣುಮಕ್ಕಳು ಆಡುವ ಅಳಗುಳಿಮಣೆಯನ್ನು ನೆನೆದುಕೊಳ್ಳಬಹುದು. ಪ್ರತಿಯೊಂದು ಗುಳಿಯ ತಳದಲ್ಲಿಯೂ ನಾವು ಹುಡುಕುವ ಪ್ರೋಟೀನನ್ನು ಮಾತ್ರ ಹಿಡಿಯುವ ಪ್ರತಿಕಾಯಗಳನ್ನು ಅಂಟಿಸಿರುತ್ತಾರೆ. ಕಣ್ಣೀರನ್ನು ಹಾಕಿದಾಗ ಪ್ರೋಟೀನು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಬಳಿಕ ಬಣ್ಣ ತರುವ ಮತ್ತೊಂದು ಪ್ರತಿಕಾಯವನ್ನು ಸೇರಿಸುತ್ತಾರೆ. ಪ್ರೋಟೀನು ಹೆಚ್ಚಿದ್ದಷ್ಟೂ ಬಣ್ಣ ಗಾಢ.

ಆದರೆ ಬಣ್ಣ ಗಾಢವಾಯಿತೆಂದ ಮಾತ್ರಕ್ಕೆ ಎಷ್ಟು ಪಿಕೋಗ್ರಾಂ ಎಂದು ಹೇಳುವುದೆಂತು? ತಕ್ಕಡಿಯ ಒಂದು ತಟ್ಟೆಯಲ್ಲಿ ಬೆಲ್ಲವಿದೆ, ಇನ್ನೊಂದು ತಟ್ಟೆ ಬರಿದಾಗಿದೆ ಎಂದರೆ ತೂಕವಾದೀತೆ? ಸರ್ಕಾರದ ಮುದ್ರೆಯೊತ್ತಿದ ಬಟ್ಟು ಬೇಕು. ಇಲ್ಲಿ ಬಟ್ಟು ಎಂದರೆ ಅದೇ ಪ್ರೋಟೀನಿನ ಶುದ್ಧ ರೂಪ, ಎಷ್ಟಿದೆಯೆಂದು ಮೊದಲೇ ತಿಳಿದಿರುವಂತಹದು. ಅದನ್ನು ಅರ್ಧ, ಕಾಲು, ಅರೆಕಾಲು ಎಂದು ತೆಳುಮಾಡುತ್ತ ಒಂದು ಸಾಲಿನ ಗುಳಿಗಳಲ್ಲಿ ಹಾಕುತ್ತಾರೆ. ಆ ಸಾಲಿನ ಬಣ್ಣಗಳಿಗೆ ರೋಗಿಯ ಕಣ್ಣೀರಿನ ಬಣ್ಣವನ್ನು ಯಂತ್ರದಿಂದ ಹೋಲಿಸಿ ಲೆಕ್ಕ ಹೇಳುತ್ತಾರೆ. ಊರೂರಿನ ಅಂಗಡಿಗಳ ಬಟ್ಟುಗಳು ಒಂದೇ ಸಮನಾಗಿರಬೇಕಲ್ಲವೆ? ಅದಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಇಂಗ್ಲೆಂಡಿನ ಒಂದು ರಾಷ್ಟ್ರೀಯ ಸಂಸ್ಥೆಯು ಅನೇಕ ಸೈಟೊಕೈನ್‌ಗಳ ಮೂಲ ಮಾನಕಗಳನ್ನು ಕಾದಿರಿಸಿದೆ.

ಬ್ಯಾಕ್ಟೀರಿಯಾ ಎಂಬ ಒಕ್ಕಲು

ಈ ಶುದ್ಧ ಪ್ರೋಟೀನು ಎಲ್ಲಿಂದ ಬರಬೇಕು? ಮನುಷ್ಯನಿಂದ ತೆಗೆಯುವುದು ಎಷ್ಟು ಕಷ್ಟವೆಂಬುದಕ್ಕೆ ಇಂಟರ್‌ಫೆರಾನಿನ ಇತಿಹಾಸವೇ ಸಾಕ್ಷಿ. 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಅದನ್ನು ಕಂಡುಹಿಡಿದರು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಅದನ್ನು ಸಂಗ್ರಹಿಸುವ ಮುಖ್ಯ ಕೇಂದ್ರವಾದದ್ದು ಫಿನ್‌ಲೆಂಡಿನಲ್ಲಿ ಕಾರಿ ಕಾಂಟೆಲ್ಲರ ಪ್ರಯೋಗಶಾಲೆ. ರಕ್ತದಾನಿಗಳ ಸಾವಿರಾರು ಲೀಟರು ರಕ್ತದಿಂದ ಬಿಳಿಕಣಗಳನ್ನು ಬೇರ್ಪಡಿಸಿದರೂ ಕೈಗೆ ಸಿಗುತ್ತಿದ್ದುದು ಒಂದು ಗ್ರಾಮಿಗಿಂತಲೂ ಬಹಳ ಕಡಿಮೆ, ಅದೂ ಶುದ್ಧವಲ್ಲ.

ದಾರಿ ತೆರೆದದ್ದು 1973ರಲ್ಲಿ. ಅಮೆರಿಕದ ಸ್ಟಾನ್ಲಿ ಕೋಹೆನ್ ಮತ್ತು ಹರ್ಬರ್ಟ್ ಬಾಯರ್ ಒಂದು ಜೀವಿಯ ವಂಶವಾಹಿಯನ್ನು ಕತ್ತರಿಸಿ ಬ್ಯಾಕ್ಟೀರಿಯಾದೊಳಗೆ ಜೋಡಿಸಿ ಬೆಳೆಸಬಹುದೆಂದು ತೋರಿಸಿದರು. ಹುಳಿಮಾವಿನ ಗಿಡಕ್ಕೆ ಸಿಹಿಮಾವಿನ ಕಸಿ ಕಟ್ಟಿದಂತೆ ಎನ್ನೋಣ. ಹೀಗೆ ಕಸಿಕಟ್ಟಿ ಪಡೆದ ಪ್ರೋಟೀನಿಗೆ ಪುನಸ್ಸಂಯೋಜಿತ ಪ್ರೋಟೀನೆಂದು ಹೆಸರು. 1978ರಲ್ಲಿ ಮನುಷ್ಯನ ಇನ್ಸುಲಿನ್ ಈ ರೀತಿ ಸಿದ್ಧವಾಯಿತು, 1982ರಲ್ಲಿ ಔಷಧವಾಗಿ ಒಪ್ಪಿಗೆ ಪಡೆಯಿತು. 1980ರಲ್ಲಿ ಇಂಟರ್‌ಫೆರಾನಿನ ವಂಶವಾಹಿಯೂ ಬ್ಯಾಕ್ಟೀರಿಯಾದಲ್ಲಿ ನೆಲೆಗೊಂಡಿತು. ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಯೀಸ್ಟ್ ಎಂಬ ಹುದುಗುಜೀವಿಯಲ್ಲಿ ತಯಾರಿಸಿದ ಇನ್ಸುಲಿನ್ 2004ರಲ್ಲಿ ಮಾರುಕಟ್ಟೆಗೆ ಬಂದಿತು. ನಮ್ಮಲ್ಲಿ ಎಷ್ಟೋ ಮಧುಮೇಹಿಗಳು ಇಂದು ಚುಚ್ಚಿಕೊಳ್ಳುತ್ತಿರುವುದು ಈ ಬಗೆಯ ಇನ್ಸುಲಿನ್ನನ್ನೇ.

ಇಂಟರ್‌ಲ್ಯೂಕಿನ್-17ಎಯ ವಿಷಯಕ್ಕೆ ಬರೋಣ. ಪ್ರೋಟೀನೆಂದರೆ ಅಮೈನೊ ಆಮ್ಲಗಳೆಂಬ ಮಣಿಗಳ ಸರ. ಇದರ ಸರದಲ್ಲಿ 132 ಮಣಿಗಳಿವೆ. ಎರಡು ಸರಗಳು ಹೆಣೆದುಕೊಂಡಾಗ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಇದರ ವಂಶವಾಹಿಯನ್ನು ಇ. ಕೋಲಿ ಎಂಬ ಬ್ಯಾಕ್ಟೀರಿಯಾದಲ್ಲಿ ಸೇರಿಸಿ ಪೋಷಕರಸದಲ್ಲಿ ಬಿಡುತ್ತಾರೆ. ಒಳ್ಳೆಯ ಊಟವೂ ಹದವಾದ ಬಿಸಿಯೂ ಸಿಕ್ಕರೆ ಅದು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ನಮ್ಮ ಆರನೆಯ ತರಗತಿಯ ಮಕ್ಕಳಿಗೆ ಇದನ್ನು ಲೆಕ್ಕವಾಗಿ ಕೊಡುವುದುಂಟು: ಒಂದು ಬ್ಯಾಕ್ಟೀರಿಯಾ ಹತ್ತು ಗಂಟೆಗಳಲ್ಲಿ ಎಷ್ಟಾಗುತ್ತದೆ? ಉತ್ತರ 107 ಕೋಟಿಗೂ ಮೇಲೆ. ಇಷ್ಟೂ ಜೀವಿಗಳು ನಮ್ಮ ಪಾಲಿನ ಒಕ್ಕಲುಗಳಾಗಿ ತಮಗೆ ಬೇಡದ ಮನುಷ್ಯಪ್ರೋಟೀನನ್ನು ತಮ್ಮೊಳಗೆ ಬೆಳೆದು ಕೂಡಿಡುತ್ತವೆ.

ಬೆಳೆದ ಮೇಲೆ ಒಕ್ಕಣೆ ಇದ್ದೇ ಇದೆಯಷ್ಟೆ. ಬ್ಯಾಕ್ಟೀರಿಯಾಗಳನ್ನು ಒಡೆದು, ಒಳಗಿನ ಪ್ರೋಟೀನನ್ನು ಬಿಡಿಸಿ, ಗಂಟುಗಂಟಾಗಿದ್ದ ಸರವನ್ನು ಮೊದಲು ಸಡಿಲಿಸಿ, ಆಮೇಲೆ ಸರಿಯಾದ ಆಕಾರಕ್ಕೆ ಮಡಿಸಬೇಕು. ಬಳಿಕ ಹಲವು ಬಗೆಯ ಸೋಸುಗೊಳವೆಗಳಲ್ಲಿ ಹರಿಸಿ ಬೇರೆ ಪ್ರೋಟೀನುಗಳೆಂಬ ಹೊಟ್ಟನ್ನು ತೂರಬೇಕು. ಇವೆಲ್ಲಕ್ಕಿಂತ ಕಠಿನವಾದುದು ಎಂಡೊಟಾಕ್ಸಿನ್ ಎಂಬ ನಂಜನ್ನು ತೆಗೆಯುವುದು. ಅದು ಇ. ಕೋಲಿಯ ಹೊರಕವಚದ ಅಂಶ. ಅದರ ಕಣಮಾತ್ರ ಉಳಿದರೂ ರಕ್ಷಣಾಕೋಶಗಳು ತಾವಾಗಿಯೇ ಕೆರಳುತ್ತವೆ. ಆಗ ಕೋಶವು ಉತ್ತರ ಕೊಟ್ಟದ್ದು ನಮ್ಮ ಪ್ರೋಟೀನಿಗೋ ಕಲಬೆರಕೆಗೋ ಎಂದು ತಿಳಿಯದೆ ಪ್ರಯೋಗವೇ ಹಾಳಾಗುತ್ತದೆ. ಈ ನಂಜನ್ನು ಪತ್ತೆಹಚ್ಚಲು ಬಹುಕಾಲದಿಂದ ಬಳಸಿರುವುದು ಕುದುರೆಲಾಳದ ಆಕಾರದ ಒಂದು ಸಮುದ್ರಜೀವಿಯ ನೀಲಿ ರಕ್ತವನ್ನು. ಅದರ ಕೆಲಸವನ್ನು ಮಾಡುವ ಪುನಸ್ಸಂಯೋಜಿತ ಪ್ರೋಟೀನೂ ಈಗ ಬಂದಿದೆ.

ಕೊನೆಗೆ ಪ್ರೋಟೀನಿಗೆ ಜೀವವಿದೆಯೇ ಎಂಬ ಪರೀಕ್ಷೆ. ಚರ್ಮದ ನಾರುಕೋಶಗಳಿಗೆ ಅದನ್ನು ಕೊಟ್ಟಾಗ ಅವು ಇಂಟರ್‌ಲ್ಯೂಕಿನ್-6 ಎಂಬ ಮತ್ತೊಂದು ಸಂಕೇತವನ್ನು ಹೊರಬಿಟ್ಟರೆ, ತಮಟೆ ನಿಜವಾಗಿಯೂ ಮೊಳಗುತ್ತಿದೆ ಎಂದರ್ಥ. ಹೀಗೆ ಗೆದ್ದುಬಂದುದನ್ನು ಹೆಪ್ಪುಗಟ್ಟಿಸಿ, ಒಣಗಿಸಿ, ಸೀಸೆಗಳಲ್ಲಿ ಮುಚ್ಚಿ, ಶೂನ್ಯಕ್ಕಿಂತ ಕೆಳಗಿನ ಚಳಿಯಲ್ಲಿ ಇಡುತ್ತಾರೆ. ಸೀಸೆಯ ತಳದಲ್ಲಿ ಬಿಳಿಯ ಮಸುಕಿನಂತೆ ಕಂಡರೆ ಕಂಡೀತು, ಇಲ್ಲವೆಂದರೆ ಇಲ್ಲ.

ಚೀಟಿಯ ಮೇಲಿನ ಎಚ್ಚರಿಕೆ

ಆ ಸೀಸೆಯ ಚೀಟಿಯ ಮೇಲೆ ತಪ್ಪದೆ ಒಂದು ಮಾತಿರುತ್ತದೆ: ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ. ಮನುಷ್ಯನದೇ ಪ್ರೋಟೀನು, ಬೂಷ್ಟಿನ ಮೇಲೆ ಕಾವಲುಗಾರರನ್ನು ಕರೆಯುವಂತಹದು. ಕಣ್ಣಿಗೆ ಎರಡು ಹನಿ ಬಿಟ್ಟರೆ ಗುಣವಾಗದೆ? ಈ ಪ್ರಶ್ನೆ ಸಹಜ. ಉತ್ತರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಅಗತ್ಯ.

ಸಂಕೇತಪ್ರೋಟೀನಿನ ಗುಣವು ಅದರ ಅಳತೆಯಲ್ಲಿದೆ. ಊರಿನಲ್ಲಿ ಒಮ್ಮೆ ತಮಟೆ ಬಾರಿಸಿದರೆ ಜನ ಸೇರುತ್ತಾರೆ. ಹಗಲಿರುಳೂ ಬಾರಿಸಿದರೆ ಕಾಲ್ತುಳಿತವಾಗುತ್ತದೆ. 2006ರ ಮಾರ್ಚಿನಲ್ಲಿ ಲಂಡನ್ನಿನಲ್ಲಿ ಆರು ಮಂದಿ ಆರೋಗ್ಯವಂತ ಯುವಕರಿಗೆ ರಕ್ಷಣಾಕೋಶಗಳನ್ನು ಪ್ರಚೋದಿಸುವ ಒಂದು ಹೊಸ ಪ್ರತಿಕಾಯವನ್ನು ಪ್ರಾಯೋಗಿಕವಾಗಿ ಚುಚ್ಚಲಾಯಿತು. ಪ್ರಾಣಿಗಳಲ್ಲಿ ನಿರಪಾಯವೆಂದು ಕಂಡಿದ್ದ ಪ್ರಮಾಣದ 500ರಲ್ಲಿ ಒಂದು ಪಾಲು ಮಾತ್ರ ಕೊಟ್ಟಿದ್ದರೂ ಕೆಲವೇ ಗಂಟೆಗಳಲ್ಲಿ ಅವರ ದೇಹದಲ್ಲಿ ಸೈಟೊಕೈನ್‌ಗಳು ಪ್ರವಾಹದಂತೆ ಉಕ್ಕಿ, ಅಂಗಾಂಗಗಳು ಸೋತು, ತುರ್ತು ಚಿಕಿತ್ಸಾ ಘಟಕಕ್ಕೆ ಸೇರಿಸಬೇಕಾಯಿತು. ಅದೃಷ್ಟವಶಾತ್ ಆರೂ ಮಂದಿ ಬದುಕುಳಿದರು. ಕೊರೋನಾ ಕಾಲದಲ್ಲಿ ‘ಸೈಟೊಕೈನ್ ಬಿರುಗಾಳಿ’ ಎಂಬ ಮಾತನ್ನು ನಾವೆಲ್ಲ ಕೇಳಿದೆವಷ್ಟೆ. ಅದೂ ಈ ಬಗೆಯದೇ.

ತಮಟೆಯನ್ನು ಪೂರ್ತಿ ನಿಲ್ಲಿಸಿದರೂ ತೊಂದರೆಯೇ. ಸೋರಿಯಾಸಿಸ್ ಎಂಬ ಚರ್ಮರೋಗದಲ್ಲಿ ಇಂಟರ್‌ಲ್ಯೂಕಿನ್-17ಎ ಮಿತಿಮೀರಿರುತ್ತದೆಂದು ಕಂಡುಕೊಂಡ ಮೇಲೆ, ಅದನ್ನು ಹಿಡಿದು ಸುಮ್ಮನಾಗಿಸುವ ಸೆಕುಕಿನುಮ್ಯಾಬ್ ಎಂಬ ಔಷಧವು 2015ರಲ್ಲಿ ಒಪ್ಪಿಗೆ ಪಡೆಯಿತು. ಅನೇಕರಿಗೆ ಅದರಿಂದ ನೆಮ್ಮದಿಯಾಯಿತು. ಆದರೆ ಅದನ್ನು ಪಡೆಯುವವರಲ್ಲಿ ಕೆಲವರಿಗೆ ಬಾಯಿಯಲ್ಲಿ ಬೂಷ್ಟಿನ ಸೋಂಕು ಕಾಣಿಸಿಕೊಳ್ಳುತ್ತದೆ. ಹುಟ್ಟಿನಿಂದಲೇ ಈ ಸಂಕೇತದಲ್ಲಿ ಕೊರತೆಯಿರುವ ಮಕ್ಕಳಿಗೂ ಬಾಯಿ, ಚರ್ಮ, ಉಗುರುಗಳಲ್ಲಿ ಬೂಷ್ಟು ಬಿಡದೆ ಕಾಡುತ್ತದೆ. ಹೆಚ್ಚಾದರೆ ಒಂದು ಬಗೆಯ ಕೇಡು, ಇಲ್ಲವಾದರೆ ಇನ್ನೊಂದು ಬಗೆಯ ಕೇಡು. ಸಂಶೋಧನೆಯ ಸೀಸೆಯಲ್ಲಿರುವುದು ಈ ಹದವನ್ನು ಅರಿಯುವ ಬಟ್ಟು ಮಾತ್ರ. ಬಟ್ಟನ್ನು ಯಾರೂ ಬೆಲ್ಲವೆಂದು ತಿನ್ನುವುದಿಲ್ಲ.

ಮಧುರೈನಲ್ಲಿ ಕಂಡದ್ದು

ಇಂತಹ ಅಳತೆಗಳನ್ನು ದೂರದ ದೇಶದವರು ಮಾತ್ರ ಮಾಡುತ್ತಿರುವರೆಂದು ಭಾವಿಸಬೇಕಾಗಿಲ್ಲ. ಡಾಕ್ಟರ್ ಜಿ. ವೆಂಕಟಸ್ವಾಮಿಯವರು 1976ರಲ್ಲಿ ಮಧುರೈನಲ್ಲಿ ಸ್ಥಾಪಿಸಿದ ಅರವಿಂದ ಕಣ್ಣಾಸ್ಪತ್ರೆಗೆ ತನ್ನದೇ ಸಂಶೋಧನಾ ವಿಭಾಗವಿದೆ. ಮಧುರೈ ಕಾಮರಾಜ ವಿಶ್ವವಿದ್ಯಾಲಯವು ದೇಶದಲ್ಲಿ ಜೈವಿಕ ತಂತ್ರಜ್ಞಾನದ ಪಾಠವನ್ನು ಮೊದಲು ಆರಂಭಿಸಿದ ಕೆಲವೇ ವಿಶ್ವವಿದ್ಯಾಲಯಗಳಲ್ಲಿ ಒಂದು. ಅಲ್ಲಿ ಬಹುಕಾಲ ಪ್ರಾಧ್ಯಾಪಕರಾಗಿದ್ದ ಕೆ. ಧರ್ಮಲಿಂಗಂ ಅವರು ಮುಂದೆ ಅರವಿಂದದ ಸಂಶೋಧನೆಯ ಹೊಣೆ ಹೊತ್ತರು. ಬೂಷ್ಟಿನ ಹುಣ್ಣಾದವರ ಕಣ್ಣೀರಿನ ಪ್ರೋಟೀನುಗಳನ್ನು ಅಲ್ಲಿ ಪರೀಕ್ಷಿಸಿದ್ದಾರೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಕೆಟ್ಟ ಕಾರ್ನಿಯಾಗಳನ್ನು ಅಮೆರಿಕದ ವಿಜ್ಞಾನಿಗಳೊಡನೆ ಸೇರಿ ಪರಿಶೀಲಿಸಿದಾಗ ಅವುಗಳ ತುಂಬ ನ್ಯೂಟ್ರೊಫಿಲ್‌ಗಳು ನೆರೆದಿದ್ದುದೂ, ಇಂಟರ್‌ಲ್ಯೂಕಿನ್-17 ಮೊದಲಾದ ಸಂಕೇತಗಳು ಏರಿದ್ದುದೂ ಕಂಡುಬಂದಿತು. ಆ ಕಾರ್ನಿಯಾಗಳಲ್ಲಿ ಹಲವು ನಮ್ಮಂತಹ ಹಳ್ಳಿಗಳ ಒಕ್ಕಲುಮಕ್ಕಳವು. ವಿಜ್ಞಾನಕ್ಕೆ ಅವರು ಕೊಟ್ಟ ಬೆಲೆ ಒಂದು ಕಣ್ಣು.

ಈ ಅಳತೆಗಳಿಂದ ಹೊಸ ಮದ್ದು ಬರಲು ವರ್ಷಗಳು ಹಿಡಿಯಬಹುದು. ಆದರೆ ಇದುವರೆಗೆ ತಿಳಿದುದರಲ್ಲಿಯೇ ನಮ್ಮ ಮನೆಗಳಿಗೆ ಬೇಕಾದ ಪಾಠವಿದೆ.

ಮೊದಲನೆಯದು, ಹೊತ್ತು ಕಳೆದಂತೆ ಹೋರಾಟ ಬಿಗಡಾಯಿಸುತ್ತದೆ. ಬೂಷ್ಟು ಮೇಲ್ಪದರಿನಲ್ಲಿರುವಾಗಲೇ ಮದ್ದು ಬಿದ್ದರೆ ಕಾವಲುಗಾರರ ದೊಂಬಿಗೆ ಎಡೆಯಿಲ್ಲ. 2006ರಲ್ಲಿ ಪ್ರಕಟವಾದ ಮಧುರೈ ಜಿಲ್ಲೆಯ ಅಧ್ಯಯನವೊಂದು ಇದನ್ನು ಚೆನ್ನಾಗಿ ತೋರಿಸಿತು. ಸುಮಾರು 48,000 ಜನರಿರುವ ಹಳ್ಳಿಗಳಲ್ಲಿ ತರಬೇತಿ ಪಡೆದ ಗ್ರಾಮ ಆರೋಗ್ಯ ಕಾರ್ಯಕರ್ತರು 18 ತಿಂಗಳು ಕಾವಲಿದ್ದು, ಕಣ್ಣಿಗೆ ಪೆಟ್ಟಾದವರನ್ನು ಕೂಡಲೇ ನೋಡಿದರು. 374 ಮಂದಿಯ ಕಾರ್ನಿಯಾ ಗೀರಿತ್ತು. ರೋಗಾಣುನಿರೋಧಕ ಮುಲಾಮನ್ನು ಮೂರು ದಿನ, ದಿನಕ್ಕೆ ಮೂರು ಸಲ ಹಚ್ಚಿದರು. ಒಂದು ಗುಂಪಿಗೆ ಬೂಷ್ಟಿನ ಮುಲಾಮನ್ನೂ ಸೇರಿಸಿ ಕೊಟ್ಟರು. ಎರಡೂ ಗುಂಪುಗಳಲ್ಲಿ ಗಾಯಗಳು ಹುಣ್ಣಾಗದೆ ಮಾಯ್ದವು. ಹುಣ್ಣಾದ ಮೇಲೆ ತಿಂಗಳುಗಟ್ಟಲೆ ಹೆಣಗಬೇಕಾದ ರೋಗವನ್ನು ಹಳ್ಳಿಯಲ್ಲಿಯೇ ಮೂರು ದಿನದ ಮುಲಾಮು ತಡೆಯಿತು!

ಎರಡನೆಯದು, ಹುಣ್ಣಾದ ಮೇಲೂ ಸರಿಯಾದ ಮದ್ದು ಉಂಟು. ಕಾರ್ನಿಯಾವನ್ನು ನವುರಾಗಿ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೂಷ್ಟಿನ ಎಳೆಗಳು ಕೆಲವೇ ನಿಮಿಷಗಳಲ್ಲಿ ಕಾಣುತ್ತವೆ. ಅರವಿಂದ ಕಣ್ಣಾಸ್ಪತ್ರೆಗಳಲ್ಲಿ 323 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹಳೆಯದಾದ ನಾಟಮೈಸಿನ್ ಹನಿಯು ಹೊಸದಾದ ವೋರಿಕೊನಜೋಲ್ ಹನಿಗಿಂತ ಮೇಲೆಂದು ಸ್ಥಿರಪಟ್ಟಿತು. ಫ್ಯುಸೇರಿಯಂ ಬೂಷ್ಟಿನಲ್ಲಂತೂ ಈ ಅಂತರ ಎದ್ದು ಕಂಡಿತು. ಆದರೆ ಯಾವ ಹನಿ, ಎಷ್ಟು ಸಲ, ಎಷ್ಟು ವಾರ ಎಂಬುದನ್ನು ಹೇಳಬೇಕಾದವರು ಕಣ್ಣಿನ ವೈದ್ಯರು.

ಮೂರನೆಯದು ಬಹಳ ಮುಖ್ಯ. ಕಣ್ಣು ಕೆಂಪಾದೊಡನೆ ಔಷಧಿ ಅಂಗಡಿಗೆ ಹೋಗಿ ‘ಕೆಂಪು ಹೋಗುವ ಹನಿ ಕೊಡಿ’ ಎಂದು ಕೇಳುವ ರೂಢಿ ನಮ್ಮಲ್ಲಿ ಬೇರೂರಿದೆ. ಆ ಹನಿಗಳಲ್ಲಿ ಎಷ್ಟೋ ಸ್ಟಿರಾಯ್ಡ್ ಬೆರೆತವು. ಸ್ಟಿರಾಯ್ಡ್ ತಮಟೆಯ ಬಾಯಿ ಮುಚ್ಚಿಸುತ್ತದೆ. ಕೆಂಪು ಇಳಿಯುತ್ತದೆ, ನೋವು ತಗ್ಗುತ್ತದೆ, ಗುಣವಾಯಿತೆಂಬ ಭ್ರಮೆ ಹುಟ್ಟುತ್ತದೆ. ಒಳಗೆ ಕಾವಲಿಲ್ಲದ ಹೊಲದಲ್ಲಿ ದನ ನುಗ್ಗಿದಂತೆ ಬೂಷ್ಟು ಬೆಳೆಯುತ್ತದೆ. ವೈದ್ಯರ ಚೀಟಿಯಿಲ್ಲದೆ, ಪಕ್ಕದ ಮನೆಯವರ ಉಳಿದ ಸೀಸೆಯಿಂದ, ಒಂದು ಹನಿಯನ್ನೂ ಕಣ್ಣಿಗೆ ಬಿಡಬಾರದು. ನಂದಿಬಟ್ಟಲಿನ ರಸ, ಹರಳೆಣ್ಣೆ, ಎದೆಹಾಲು ಬಿಡುವುದು, ನಾಲಿಗೆಯಿಂದ ಕಸ ತೆಗೆಸುವುದು ಇವೆಲ್ಲ ಪ್ರೀತಿಯಿಂದಲೇ ಮಾಡುವ ಉಪಚಾರಗಳು. ಹಿರಿಯರನ್ನು ನಾವು ಹಳಿಯುವುದಿಲ್ಲ. ಆದರೆ ಮೇಲ್ಪದರು ಹರಿದ ಕಾರ್ನಿಯಾಕ್ಕೆ ಇವು ಹೊಸ ರೋಗಾಣುಗಳನ್ನು ಒಯ್ಯುತ್ತವೆ, ಬೆಲೆಯುಳ್ಳ ಮೊದಲ ದಿನವನ್ನು ಕಳೆಯುತ್ತವೆ.

ಹಾಗಾದರೆ ಮಾಡಬೇಕಾದುದೇನು? ಕಣ್ಣನ್ನು ಉಜ್ಜಬಾರದು. ಕುದಿಸಿ ಆರಿಸಿದ ಶುದ್ಧ ನೀರಿನಿಂದ ತೊಳೆಯಬೇಕು. ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಹೋಗುವಾಗ ಏನು ತಾಗಿತು, ಗರಿಯೋ ಕಲ್ಲೋ ಕಬ್ಬಿಣವೋ, ಎಂದು ತಪ್ಪದೆ ಹೇಳಬೇಕು. ತೇನಿಯಲ್ಲಿ 1985ರಿಂದ ಅರವಿಂದದ ಶಾಖೆಯಿದೆ. 2004ರ ನಂತರ ಬೋಡಿನಾಯಕನೂರು, ಚಿನ್ನಮನೂರು ಮೊದಲಾದ ಊರುಗಳಲ್ಲಿ ಅದರ ಕಣ್ಣು ತಪಾಸಣಾ ಕೇಂದ್ರಗಳು ತೆರೆದವು. ಅಲ್ಲಿಂದಲೇ ತೇನಿಯ ವೈದ್ಯರೊಡನೆ ದೂರಸಂಪರ್ಕದ ಮೂಲಕ ಮಾತನಾಡುವ ಏರ್ಪಾಡಾಯಿತು. ತೇನಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ. ಒಕ್ಕಣೆಯಲ್ಲಿ, ಬಳ್ಳಿ ಸವರುವಾಗ, ಅರ ಹಾಕುವಾಗ ಅಗ್ಗದ ಕನ್ನಡಕವೊಂದನ್ನು ಧರಿಸಿದರೆ ಇಷ್ಟೆಲ್ಲ ಓಡಾಟವೇ ಬೇಡ.

ಎಲ್ಲವೂ ತಡವಾಗಿ ಹೂ ಬಿದ್ದೇ ಬಿಟ್ಟರೆ ಉಳಿಯುವ ದಾರಿ ಇನ್ನೊಬ್ಬರು ಕೊಟ್ಟ ಕಾರ್ನಿಯಾ. ತಮಿಳುನಾಡಿನ ಗಡಿಯ ಗಾಜನೂರಿನ ಮಣ್ಣಿನಿಂದ ಬಂದ ಡಾಕ್ಟರ್ ರಾಜಕುಮಾರರು 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. 2021ರಲ್ಲಿ ಅವರ ಮಗ ಪುನೀತರು ಅಗಲಿದಾಗ ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಅವರ ಎರಡು ಕಾರ್ನಿಯಾಗಳನ್ನು ಪದರು ಬಿಡಿಸಿ ನಾಲ್ವರಿಗೆ ದೃಷ್ಟಿ ಕೊಟ್ಟರು. ಗಡಿಯಾಚೆಯ ಕನ್ನಡಿಗರಾದ ನಮಗೆ ಈ ಮನೆತನದ ಮೇಲಿನ ಅಭಿಮಾನವನ್ನು ತೋರಿಸಲು ಇದಕ್ಕಿಂತ ಒಳ್ಳೆಯ ದಾರಿಯುಂಟೆ? ಆದರೂ ಬೂಷ್ಟಿನಿಂದ ಕೆಟ್ಟ ಕಣ್ಣಿನಲ್ಲಿ ಕಸಿ ಯಾವಾಗಲೂ ನಿಲ್ಲುವುದಿಲ್ಲ. ದಾನದ ಕಣ್ಣಿಗಾಗಿ ಕಾಯುವುದಕ್ಕಿಂತ ದೇವರು ಕೊಟ್ಟ ಕಣ್ಣನ್ನು ಕಾಯುವುದು ಮೇಲು.

ಶಾಲೆಗಳಲ್ಲಿ ಉಪಾಧ್ಯಾಯರಾಗಿರುವ ನಮ್ಮ ಬಂಧುಗಳಲ್ಲಿ ಒಂದು ಕೋರಿಕೆ. ಸುಗ್ಗಿಗೆ ಮುಂಚಿನ ಒಂದು ಶನಿವಾರ ಈ ವಿಷಯವನ್ನು ಮಕ್ಕಳಿಗೆ ಹೇಳಿರಿ. ಇಂಟರ್‌ಲ್ಯೂಕಿನ್ ಎಂಬ ಹೆಸರು ಅವರಿಗೆ ನೆನಪಿರದಿದ್ದರೂ ಚಿಂತೆಯಿಲ್ಲ. ಗರಿ ತಾಗಿದ ದಿನವೇ ಅಪ್ಪನನ್ನು ಆಸ್ಪತ್ರೆಗೆ ಹೊರಡಿಸಬೇಕೆಂಬುದು ನೆನಪಿದ್ದರೆ ಸಾಕು. ಮನೆಯಲ್ಲಿ ಹಿರಿಯರ ಮಾತನ್ನು ಮೀರದ ಗಂಡಸರೂ ಹತ್ತು ವರ್ಷದ ಮಗಳು ಕೈಹಿಡಿದು ಎಳೆದರೆ ಎದ್ದು ಹೊರಡುತ್ತಾರೆ.